ಬೀಜಗಟ್ಟದ ಸೊಪ್ಪು

ಬೇಸಗೆಯ ಶೇಡ್ ನೆಟ್ಟಿನ ಕುರಿತು ಈ ವಾರ ಬರೆಯತಕ್ಕದ್ದಿತ್ತು. ಆದರೆ ಯಲಹಂಕದ ಓದುಗರೊಬ್ಬರು, ತಾರಸಿಯ ಕುಂಡದಲ್ಲಿ ಬೆಳೆದ ಸ್ವಿಸ್ ಚಾರ್ಡಿನಿಂದ ಮುಂದಿನ ವರ್ಷಕ್ಕೆ ಬೀಜ ಹಿಡಿಯಬಹುದೇ ಎಂದು ಕೇಳಿರುವರಾಗಿ, ಆ ಪ್ರಶ್ನೆಯೇ ನನಗೆ ಹೆಚ್ಚು ಪ್ರಿಯವಾಯಿತು.

ಚಾರ್ಡ್ ನಮಗೆ ಅನ್ಯಕುಲದ್ದೇನೂ ಅಲ್ಲ. ನಮ್ಮ ಸಂತೆಯ ಪಾಲಕ್, ಬೀಟ್‌ರೂಟ್, ಚಾರ್ಡ್ ಈ ಮೂರೂ ಏಕಜಾತಿಯ ಸಸ್ಯಗಳು. ಬೀಜವೆಂದು ನಾವು ಬಿತ್ತುವ ಆ ಒರಟು ಗಂಟು ಒಡಲಲ್ಲಿ ಹಲವು ಬೀಜಗಳನ್ನು ಅಡಗಿಸಿಕೊಂಡಿರುವುದರಿಂದಲೇ ಒಂದೇ ಕಡೆ ಎರಡು ಮೂರು ಮೊಳಕೆಗಳು ಒತ್ತೊತ್ತಾಗಿ ಏಳುತ್ತವೆ. ಆದರೆ ಹೂದಂಟು ಏಳಲು ಚಾರ್ಡಿಗೆ ದೀರ್ಘವಾದ ಶೀತಕಾಲ ಬೇಕು. ಹೆಬ್ಬಾಳ ಕೆರೆಯ ದಂಡೆಯಲ್ಲಿ ಪುಷ್ಯದ ಚಳಿ ಎಷ್ಟೇ ಕೊರೆದರೂ ಅದಕ್ಕೆ ಸಾಲದು. ಕಾರ್ತಿಕದಲ್ಲಿ ಬಿತ್ತಿ ಮಾಘದವರೆಗೆ ಎಲೆ ಕೊಯ್ದು ಉಣ್ಣಬಹುದು. ಬೀಜವನ್ನು ಮಾತ್ರ ಪ್ರತಿವರ್ಷ ಕೊಳ್ಳಬೇಕು.

ಕೊಂಡುತಂದ ಪೊಟ್ಟಣವನ್ನು ಪಾರಂಪರಿಕ ತಳಿಯೆಂದು ಕೊಂಡಾಡುವವರೊಡನೆ ನನ್ನ ವಿವಾದ ಹಳೆಯದು. ಪರಂಪರೆಯೆಂಬುದು ನಮ್ಮ ಕೈಯಲ್ಲಿ ಮುಂದುವರಿದರೆ ತಾನೆ? ಕೆಂಪು ಕಾಂಡವೇ ಬೇಕಾದವರಿಗೆ ಕೆಂಪು ದಂಟು ಇಲ್ಲವೇ? ಒಣಗಿದ ತೆನೆಯನ್ನು ಮೊರದ ಮೇಲೆ ಉಜ್ಜಿ ಕೇರಿದರೆ ಮಿರುಗುವ ಕರಿಯ ಬೀಜ ಹಿಡಿಗಟ್ಟಲೆ ಉಳಿಯುತ್ತದೆ. ಅಷ್ಟು ಸಣ್ಣದಾದುದರಿಂದ ಮರಳು ಬೆರೆಸಿಯೇ ಎರಚಬೇಕು. ಚೈತ್ರದ ತಾರಸಿ ಮರುಭೂಮಿಯಂತೆ ಕಾಯುವಾಗ ಚಾರ್ಡ್ ಬಾಡಿ ಮಲಗುತ್ತದೆ. ಬಿಸಿಲನ್ನೇ ಒಲಿದು ಬೆಳೆಯುವ ದಂಟಾದರೋ ಅಲ್ಪಜಲದಲ್ಲಿಯೂ ಚಿಗುರುತ್ತದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕ ಸುಗುಣ’ ಹಲವು ಕೊಯ್ಲು ಕೊಡುವ ಹಸಿರು ದಂಟು. ಇದನ್ನೂ ಕೆಂಪನ್ನೂ ಅಕ್ಕಪಕ್ಕದಲ್ಲಿ ಹೂಬಿಡಗೊಟ್ಟರೆ ತಳಿ ಬೆರಕೆಯಾದೀತು.

ಜಲದ ಮಾತು ಬಂದಾಗ ನೆನಪಾಗುವುದು ಚಾವುಂಡರಾಯನ ‘ಲೋಕೋಪಕಾರ’. ಕ್ರಿ.ಶ. 1025ರ ಸುಮಾರಿನ ಆ ಕನ್ನಡ ಕೃತಿಯಲ್ಲಿ ಅಂತರ್ಜಲಶೋಧನೆ, ವೃಕ್ಷಾಯುರ್ವೇದ, ಸೂಪಶಾಸ್ತ್ರಗಳು ಒಂದೇ ಗ್ರಂಥದ ಅಧ್ಯಾಯಗಳಾಗಿವೆ. ಬಾವಿ, ಹಿತ್ತಲು, ಒಲೆ ಇವು ಒಂದೇ ಗೃಹಸ್ಥವಿದ್ಯೆಯ ಅಂಗಗಳೆಂಬ ಆ ದೃಷ್ಟಿಯನ್ನು ನಾನು ಬಹುವಾಗಿ ಗೌರವಿಸುತ್ತೇನೆ. 2024ರ ಮಾರ್ಚಿನಲ್ಲಿ ಕುಡಿಯುವ ನೀರನ್ನು ಗಿಡಗಳಿಗೆ ಹಾಕಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿದಾಗ, ಅಕ್ಕಿಬೇಳೆ ತೊಳೆದ ನೀರೇ ದಂಟಿನ ಮಡಿಯನ್ನು ಕಾಯಿತು. ಆ ಸೊಪ್ಪೇ ಬಸ್ಸಾರಾಗಿ ಮುದ್ದೆಯ ಪಕ್ಕಕ್ಕೆ ಬಂದಿತು.

ಇನ್ನು ಬೀಜಕ್ಕೆ ಬಿಡುವ ಗಿಡದ ವಿಚಾರ. ಕೊಯ್ದುಳಿದ ಬಡಕಲನ್ನು ಬಿಡುವ ರೂಢಿ ತಪ್ಪು. ಮಡಿಯಲ್ಲಿ ಎಲ್ಲಕ್ಕಿಂತ ಪುಷ್ಟವಾಗಿ, ತಡವಾಗಿ ತೆನೆಗೆ ತಿರುಗುವ ಗಿಡಕ್ಕೆ ಮೊದಲೇ ದಾರ ಕಟ್ಟಿ, ಅದರ ಒಂದು ಎಲೆಯನ್ನೂ ಮುಟ್ಟದೆ ಬಿಡತಕ್ಕದ್ದು.