ವಾಯಿದೆಯ ಪ್ರಾರ್ಥನೆಯೂ ಪೌರಹಕ್ಕೂ: ಬ್ರೌನ್ ತೀರ್ಪಿನ ಒಂದು ಮಾತಿನ ವಿಮರ್ಶೆ

ಸಾಮಾನ್ಯ ದಾವೆಗಳಲ್ಲಿ ವಾಯಿದೆ ಕೇಳುವುದು ದೋಷವೆನಿಸದು. ಸಾಲದ ದಾವೆಯಲ್ಲಿ ಪ್ರತಿವಾದಿಯು ಒಂದು ತಿಂಗಳ ಅವಕಾಶವನ್ನು ಪಡೆದರೆ, ಅದರಿಂದಾಗುವ ನಷ್ಟವನ್ನು ಬಡ್ಡಿಯಿಂದಲೋ ಖರ್ಚಿನಿಂದಲೋ ತುಂಬಿಕೊಡಬಹುದು. ಪೌರಹಕ್ಕಿನ ದಾವೆಯಲ್ಲಿ ಹೀಗೆ ತುಂಬಿಕೊಡುವ ಉಪಾಯವುಂಟೆ? ಈ ಪ್ರಶ್ನೆಯನ್ನಿಟ್ಟುಕೊಂಡು ಅಮೆರಿಕ ಸಂಯುಕ್ತ ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯದ ಒಂದು ಪ್ರಸಿದ್ಧ ಮಾತನ್ನು ಪರಿಶೀಲಿಸುವುದು ನಮ್ಮ ಉದ್ದೇಶ.

1954ರ ಮೇ 17ರಂದು ಆ ನ್ಯಾಯಾಲಯವು ಬ್ರೌನ್ ಮೊಕದ್ದಮೆಯಲ್ಲಿ, ವರ್ಣಭೇದವನ್ನನುಸರಿಸಿ ಮಕ್ಕಳನ್ನು ಬೇರೆ ಬೇರೆ ಸಾರ್ವಜನಿಕ ಶಾಲೆಗಳಲ್ಲಿರಿಸುವುದು ಸಂವಿಧಾನವಿರುದ್ಧವೆಂದು ಸರ್ವಾನುಮತದಿಂದ ಸಾರಿತು. ಆದರೆ ಪರಿಹಾರವನ್ನು ವಿಧಿಸಿದ 1955ರ ಮೇ 31ರ ತೀರ್ಪಿನಲ್ಲಿ ಯಾವ ಗಡುವನ್ನೂ ಗೊತ್ತುಮಾಡದೆ, ಸರ್ವವಿಧದ ವಿವೇಚನಾಪೂರ್ವಕ ವೇಗದಿಂದ ಕಾರ್ಯ ನಡೆಯಲೆಂದಿತು. ಇಲ್ಲಿ ವಿಶೇಷಣವು ವಿಶೇಷ್ಯವನ್ನು ಹಿಂದಕ್ಕೆಳೆಯುತ್ತದೆ. ಹೆಚ್ಚಿನ ಕಾಲಾವಕಾಶವು ಅಗತ್ಯವೆಂದು ಸಿದ್ಧಪಡಿಸುವ ಹೊಣೆ ಪ್ರತಿವಾದಿಗಳದೆಂದೂ, ತತ್ತ್ವಕ್ಕೆ ಅಸಮ್ಮತಿಯಿರುವುದು ವಿಳಂಬಕ್ಕೆ ಕಾರಣವಾಗದೆಂದೂ ತೀರ್ಪು ಹೇಳಿದ್ದುದು ನಿಜ. ಆದರೆ ತಾರೀಖಿಲ್ಲದ ಆಜ್ಞೆಯಲ್ಲಿ ವಾಯಿದೆಯೇ ನಿಯಮವಾಗಿ ಪರಿಣಮಿಸುವುದು ಸಹಜ.

ಇದರ ಫಲವು ಅರ್ಕಾನ್ಸಾ ರಾಜ್ಯದ ಲಿಟ್ಲ್ ರಾಕ್ ನಗರದಲ್ಲಿ ಕಂಡುಬಂದಿತು. 1957ರಲ್ಲಿ ಅಲ್ಲಿನ ಸೆಂಟ್ರಲ್ ಹೈಸ್ಕೂಲಿಗೆ ಒಂಬತ್ತು ಮಂದಿ ಕಪ್ಪು ವರ್ಣದ ವಿದ್ಯಾರ್ಥಿಗಳು ಸೈನ್ಯದ ರಕ್ಷಣೆಯಲ್ಲಿ ಪ್ರವೇಶಿಸಬೇಕಾಯಿತು. ಮರುವರ್ಷ ಶಾಲಾ ಮಂಡಲಿಯು, ಗಲಭೆಯ ಕಾರಣವನ್ನು ಮುಂದೊಡ್ಡಿ, ಆ ವಿದ್ಯಾರ್ಥಿಗಳನ್ನು ಹಿಂದಕ್ಕೆ ಕಳುಹಿಸಿ ಎರಡೂವರೆ ವರ್ಷಗಳ ಅವಕಾಶವನ್ನು ನೀಡಬೇಕೆಂದು ಪ್ರಾರ್ಥಿಸಿತು. ಜಿಲ್ಲಾ ನ್ಯಾಯಾಲಯವು ಅದನ್ನು ಮನ್ನಿಸಿತು. ಮೇಲ್ಮನವಿಯಲ್ಲಿ ಆ ಆಜ್ಞೆ ರದ್ದಾಯಿತು. 1958ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ರದ್ದತಿಯನ್ನು ಎತ್ತಿಹಿಡಿಯಿತು. ಕಟ್ಟಡ, ವಾಹನಸೌಕರ್ಯ ಮೊದಲಾದ ಕೆಲಸಗಳಿಗಾಗಿ ಬೇಡುವ ಕಾಲ ಒಂದು ಬಗೆ. ವಿರೋಧಿಗಳ ಕೋಪವು ಶಮನವಾಗಲೆಂದು ಬೇಡುವ ಕಾಲ ಇನ್ನೊಂದು ಬಗೆ. ಎರಡನೆಯದನ್ನು ಮನ್ನಿಸಿದರೆ, ಕೋಪ ಹೆಚ್ಚಿದಷ್ಟೂ ಗಡುವು ಮುಂದೆ ಸರಿಯುತ್ತದೆ.

1963ರಲ್ಲಿ ಮೆಂಫಿಸ್ ನಗರವು ಉದ್ಯಾನಗಳ ವಿಷಯದಲ್ಲಿ ಇಂತಹದೇ ಕಾಲಾವಕಾಶವನ್ನು ಕೋರಿದಾಗ ನ್ಯಾಯಾಲಯವು ನಿರಾಕರಿಸಿತು. 1969ರಲ್ಲಿ ಮಿಸಿಸಿಪ್ಪಿಯ ಶಾಲೆಗಳಿಗಾಗಿ ಕೇಂದ್ರ ಸರ್ಕಾರವೇ ವಾಯಿದೆ ಬೇಡಿತು. ಕೆಳಗಿನ ನ್ಯಾಯಾಲಯವು ಅದನ್ನು ಕೊಟ್ಟಿತು. ಅಕ್ಟೋಬರ್ 29ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ತಳ್ಳಿಹಾಕಿ, ಇಮ್ಮಡಿ ಶಾಲಾವ್ಯವಸ್ಥೆಯನ್ನು ಒಡನೆಯೇ ಕೊನೆಗಾಣಿಸಬೇಕೆಂದು ವಿಧಿಸಿತು.

ನ್ಯಾಯಾಲಯಕ್ಕೆ ಸ್ವಂತ ಸೈನ್ಯವಿಲ್ಲ, ಬೊಕ್ಕಸವಿಲ್ಲ. ಪಾಲಿಸಲ್ಪಡದ ಆಜ್ಞೆಯು ಅದರ ಗೌರವಕ್ಕೇ ಕುಂದು. ಆದುದರಿಂದ 1955ರ ಮಾತು ವಿವೇಕದ್ದು ಎಂಬ ಸಮರ್ಥನೆಯುಂಟು. ಅದನ್ನು ನಾವು ಲಘುವಾಗಿ ಎಣಿಸುವುದಿಲ್ಲ. ಆದರೆ ಆ ವಿವೇಕದ ಬೆಲೆಯನ್ನು ತೆತ್ತವರು ಯಾರು? 1954ರಲ್ಲಿ ಒಂದನೆಯ ತರಗತಿಗೆ ಸೇರಿದ ಮಗುವು ಹನ್ನೆರಡು ವರ್ಷಗಳ ಶಾಲಾಶಿಕ್ಷಣವನ್ನು 1966ರಲ್ಲಿಯೇ ಮುಗಿಸಿರುತ್ತದೆ. ಒಡನೆಯೇ ಎಂಬ ಮಾತು ಹೊರಟುದು ಅದಾದ ಮೂರು ವರ್ಷಗಳ ಮೇಲೆ. ಆ ಮಗುವಿನ ಮಟ್ಟಿಗೆ ಹಕ್ಕು ಘೋಷಿತವಾಯಿತೇ ಹೊರತು ಪ್ರಾಪ್ತವಾಗಲಿಲ್ಲ.

ಪೌರಹಕ್ಕಿನ ದಾವೆಯಲ್ಲಿ ಕಾಲಾವಕಾಶದ ಅರ್ಜಿಯನ್ನು ಕೇವಲ ಕಾರ್ಯವಿಧಾನದ ವಿಷಯವೆಂದು ಭಾವಿಸಲಾಗದು. ಅದು ಹಕ್ಕಿನ ಒಂದಂಶವನ್ನೇ ಬೇಡುವ ಅರ್ಜಿ. ಅವಕಾಶವು ಯಾವ ಕೆಲಸಕ್ಕೆ, ಯಾವ ದಿನದವರೆಗೆ ಎಂಬ ಎರಡು ಪ್ರಶ್ನೆಗಳಿಗೂ ಸ್ಪಷ್ಟವಾದ ಉತ್ತರವಿಲ್ಲದಿದ್ದಲ್ಲಿ ಅದನ್ನು ಮನ್ನಿಸದಿರುವುದೇ ನ್ಯಾಯವೆಂದು ನಾವು ಭಾವಿಸುತ್ತೇವೆ.