ಮೈಸೂರಿನ ಧರ್ಮಶಾಸ್ತ್ರ ವಿದ್ವತ್ತು: ಸಾಧನೆ ಮತ್ತು ಮಿತಿ

ಮೈಸೂರಿನಲ್ಲಿ 1891ರಲ್ಲಿ ಆರಂಭವಾದ ಓರಿಯಂಟಲ್ ಲೈಬ್ರರಿಯ ಪಂಡಿತರನ್ನು ನಾವು ಸಂಸ್ಕೃತ ವಿದ್ವಾಂಸರೆಂದು ಗೌರವಿಸುತ್ತೇವೆ. ಕಾನೂನಿನ ಚರಿತ್ರೆ ಬರೆಯುವಾಗ ಮಾತ್ರ ಅವರ ಹೆಸರು ಕೈಬಿಟ್ಟುಹೋಗುತ್ತದೆ. ಹಿಂದೂ ಕಾನೂನು ಎಂದೊಡನೆ ನೆನಪಾಗುವುದು ಬ್ರಿಟಿಷ್ ನ್ಯಾಯಾಧೀಶರ ತೀರ್ಪುಗಳು, ಮದರಾಸು ಮುಂಬಯಿಗಳ ವಕೀಲರ ಗ್ರಂಥಗಳು. ಮೈಸೂರಿನ ವಿದ್ವತ್ತು ಹಳೆಯದನ್ನು ಕಾಪಿಟ್ಟದ್ದಷ್ಟೇ ಅಲ್ಲ. ಶಾಸ್ತ್ರ ಹೀಗೆಯೇ ಹೇಳುತ್ತದೆ ಎಂದು ವಸಾಹತು ನ್ಯಾಯಾಲಯಗಳು ಕಟ್ಟಿದ್ದ ಗೋಡೆಯನ್ನು ಸಡಿಲಿಸಿತು ಎಂಬುದೇ ಅದರ ನಿಜವಾದ ಮಹತ್ವ. ಅದರ ಸೋಲೂ ಅಷ್ಟೇ ದೊಡ್ಡದು: ಗ್ರಂಥದ ಹೊಸ್ತಿಲು ದಾಟಿ ಜನರ ಬದುಕಿನ ಕಟ್ಟಳೆಗಳತ್ತ ಅದು ನಡೆಯಲಿಲ್ಲ.

ಮೊದಲ ಸಾಕ್ಷ್ಯ ಕೌಟಿಲ್ಯನ ಅರ್ಥಶಾಸ್ತ್ರ. ತಂಜಾವೂರು ಸೀಮೆಯ ಪಂಡಿತರೊಬ್ಬರು ಲೈಬ್ರರಿಗೆ ಒಪ್ಪಿಸಿದ ಗ್ರಂಥಲಿಪಿಯ ತಾಳೆಗರಿಯನ್ನು ಅಲ್ಲಿನ ಪಂಡಿತ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿದರು. 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಪ್ರಾಚೀನ ಭಾರತೀಯರಿಗೂ ರಾಜ್ಯಶಾಸ್ತ್ರವಿತ್ತು ಎಂಬ ಹೆಮ್ಮೆಗೆ ಈ ಪುಸ್ತಕ ಆಧಾರವಾಯಿತು. ಆದರೆ ಕಾನೂನಿನ ದೃಷ್ಟಿಯಿಂದ ಹೆಚ್ಚು ಮುಖ್ಯವಾದದ್ದು ಅದರ ಮೂರನೆಯ ಅಧಿಕರಣವಾದ ಧರ್ಮಸ್ಥೀಯ. ವಿವಾಹ, ಸ್ತ್ರೀಧನ, ದಾಯಭಾಗ, ಸಾಲ, ಕೂಲಿಗಳನ್ನು ಅಲ್ಲಿ ವ್ಯವಹಾರದ ನೆಲೆಯಲ್ಲಿ ಚರ್ಚಿಸಲಾಗಿದೆ. ಕೆಲವು ಬಗೆಯ ವಿವಾಹಗಳಲ್ಲಿ ಗಂಡ ಹೆಂಡಿರು ಪರಸ್ಪರ ದ್ವೇಷದಿಂದ ಬಿಡುಗಡೆ ಪಡೆಯಬಹುದೆಂಬ ವಿಧಿಯೂ ಅಲ್ಲಿದೆ. ಹಿಂದೂ ವಿವಾಹಕ್ಕೆ ಬಿಡುಗಡೆಯೇ ಇಲ್ಲ, ಅದು ಎಂದೆಂದಿಗೂ ಹೀಗೆಯೇ ಇತ್ತು ಎಂಬ ವಾದ ಈ ಪಠ್ಯದ ಮುಂದೆ ನಿಲ್ಲದು. ಲೈಬ್ರರಿಯಿಂದಲೇ ಹೊರಬಂದ ಸ್ಮೃತಿಚಂದ್ರಿಕಾ, ಸರಸ್ವತೀವಿಲಾಸಗಳು ದಕ್ಷಿಣದ ನಿಬಂಧಕಾರರ ಭಿನ್ನಮತಗಳನ್ನು ಓದುಗರ ಕೈಗೆ ತಂದವು. ಶಾಸ್ತ್ರವೆಂದರೆ ಒಂದೇ ದನಿಯ ಆಜ್ಞೆಯಲ್ಲ, ಶತಮಾನಗಳ ವಾಗ್ವಾದ ಎಂಬುದು ಸ್ಪಷ್ಟವಾಯಿತು.

ಎರಡನೆಯ ಸಾಕ್ಷ್ಯಕ್ಕೆ ಕಲ್ಯಾಣದ ವಿಜ್ಞಾನೇಶ್ವರನಿಂದ ಹೊರಡಬೇಕು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರಾ ಎಂಬ ಸ್ಮೃತಿವ್ಯಾಖ್ಯಾನ ಬರೆದ ಈತ ಅವಿವಾಹಿತ ಸಹೋದರಿಯ ಕಾಲುಪಾಲನ್ನು ಮದುವೆಯ ಖರ್ಚಿಗಷ್ಟೇ ಇಳಿಸದೆ ನಿಜವಾದ ಪಾಲೆಂದೇ ವಾದಿಸಿದ. ಉತ್ತರಾಧಿಕಾರದಿಂದ ಬಂದ ಆಸ್ತಿಯನ್ನೂ ಸ್ತ್ರೀಧನಕ್ಕೆ ಸೇರಿಸಿದ. ಆದರೂ ಪ್ರಿವಿ ಕೌನ್ಸಿಲ್ಲಿನ ತೀರ್ಪುಗಳು ವಿಧವೆಗೆ ಗಂಡನಿಂದ ಬಂದ ಆಸ್ತಿಯನ್ನು ಸೀಮಿತ ಹಕ್ಕಾಗಿ ಕಂಡವು. ಮೈಸೂರು ಸಂಸ್ಥಾನ ಬೇರೆ ದಾರಿ ಹಿಡಿಯಿತು. ಕೆ. ಎಸ್. ಚಂದ್ರಶೇಖರ ಅಯ್ಯರ್ ಅವರ ಅಧ್ಯಕ್ಷತೆಯ ಸಮಿತಿ 1930ರಲ್ಲಿ ವರದಿ ನೀಡಿತು. 1933ರ ಹತ್ತನೆಯ ಕಾಯಿದೆ ಹಿಂದೂ ಸ್ತ್ರೀಯರ ಹಕ್ಕುಗಳನ್ನು ವಿಸ್ತರಿಸಿತು. ಆಸ್ತಿ ವಿಭಾಗದಲ್ಲಿ ವಿಧವೆ, ತಾಯಿ, ಅವಿವಾಹಿತ ಮಗಳಿಗೆ ಪಾಲು ದೊರೆಯಿತು. ಕೆಲವು ವಿನಾಯಿತಿಗಳೊಡನೆ, ಉತ್ತರಾಧಿಕಾರದಿಂದ ಬಂದ ಆಸ್ತಿಯೂ ಸ್ತ್ರೀಧನವಾಯಿತು. ನಾಲ್ಕು ವರ್ಷಗಳ ಬಳಿಕ ಬ್ರಿಟಿಷ್ ಭಾರತದಲ್ಲಿ ಬಂದ 1937ರ ಕಾಯಿದೆ ವಿಧವೆಗೆ ಕೊಟ್ಟದ್ದು ಸೀಮಿತ ಹಕ್ಕು ಮಾತ್ರ.

ಈ ಕಾಯಿದೆಗೆ ಪಂಡಿತರನ್ನು ಹೊಗಳುವುದೇಕೆ, ಅದು ಶಾಸಕರ ಮತ್ತು ಮಹಿಳೆಯರ ಒತ್ತಾಯದ ಫಲವಲ್ಲವೇ ಎಂಬ ಆಕ್ಷೇಪಕ್ಕೆ ಬಲವಿದೆ. ಶಾಮಶಾಸ್ತ್ರಿಗಳ ಸಂಪಾದನೆಯಿಂದಲೇ ಕಾಯಿದೆ ಹುಟ್ಟಿತೆನ್ನುವುದು ಅತಿಶಯವೇ ಸರಿ. ಆದರೆ ಸುಧಾರಣೆಯನ್ನು ಧರ್ಮದ್ರೋಹವೆಂದು ಜರೆಯುವ ಕಾಲದಲ್ಲಿ, ಹೊಸ ಹಕ್ಕಿಗೆ ಹಳೆಯ ಗ್ರಂಥಗಳಲ್ಲೇ ಆಧಾರವಿದೆಯೆಂದು ತೋರಿಸಬಲ್ಲ ಪಠ್ಯಗಳು ಕೈಗೆಟುಕುವಂತಿದ್ದುದು ಸಣ್ಣ ಬಲವಲ್ಲ. ಇನ್ನೊಂದು ಆಕ್ಷೇಪ ಇನ್ನೂ ತೀಕ್ಷ್ಣವಾದದ್ದು: ಹೆಣ್ಣಿನ ಹಕ್ಕಿಗೆ ಶಾಸ್ತ್ರದ ಅನುಮತಿ ಬೇಡಿದರೆ ಶಾಸ್ತ್ರದ ಅಧಿಕಾರವನ್ನೇ ಗಟ್ಟಿಮಾಡಿದಂತಲ್ಲವೇ? ಶ್ರುತಿ ಕೇಳುವುದಕ್ಕೂ ಅರ್ಹರಲ್ಲ ಎಂದು ಯಾರನ್ನು ಈ ಗ್ರಂಥಗಳು ಹೊರಗಿಟ್ಟವೋ ಅವರಿಗೆ ಈ ದಾರಿ ಎಲ್ಲಿಯವರೆಗೆ ಒದಗೀತು? ಇದನ್ನು ಒಪ್ಪಲೇಬೇಕು. ಸಮಾನತೆಗೆ ಗಟ್ಟಿ ನೆಲೆ ಸಂವಿಧಾನದ್ದೇ ಹೊರತು ಸ್ಮೃತಿಗಳದ್ದಲ್ಲ. ಮಗಳನ್ನೂ ಹುಟ್ಟಿನಿಂದಲೇ ಸಮಪಾಲುದಾರಳನ್ನಾಗಿಸಿದ, ಹಿಂದೂ ಉತ್ತರಾಧಿಕಾರ ಕಾಯಿದೆಗೆ 1994ರಲ್ಲಿ ಜಾರಿಗೆ ಬಂದ ಕರ್ನಾಟಕ ತಿದ್ದುಪಡಿಯಾಗಲಿ 2005ರ ಕೇಂದ್ರ ತಿದ್ದುಪಡಿಯಾಗಲಿ ಸಮಾನತೆಯ ತತ್ತ್ವದ ಮೇಲೆ ನಿಂತಿವೆ.

ಅರ್ಥಶಾಸ್ತ್ರ ಮೈಸೂರಿನಲ್ಲಿ ಅಚ್ಚಾದ ಮರುವರ್ಷ, 1910ರಲ್ಲಿ, ಮುಂದೆ ಹಾರ್ವರ್ಡ್ ಕಾನೂನು ಶಾಲೆಯ ಡೀನ್ ಆದ ರಾಸ್ಕೋ ಪೌಂಡ್ ಪುಸ್ತಕದ ಕಾನೂನಿಗೂ ಆಚರಣೆಯ ಕಾನೂನಿಗೂ ನಡುವಿನ ಅಂತರವನ್ನು ಅಧ್ಯಯನದ ವಸ್ತುವಾಗಿಸಿದರು. ಅಮೆರಿಕದ ಕಾನೂನು ಪ್ರಾಧ್ಯಾಪಕರ ಒಂದು ಇಡೀ ಪರಂಪರೆ ಆ ಪ್ರಶ್ನೆಯಿಂದ ಬೆಳೆಯಿತು. ಮೈಸೂರಿನ ವಿದ್ವತ್ತು ಆ ಪ್ರಶ್ನೆ ಕೇಳಲಿಲ್ಲ. ಒಕ್ಕಲಿಗರ, ಬೇಡರ, ದಲಿತ ಕೇರಿಗಳ ನ್ಯಾಯಪಂಚಾಯಿತಿಗಳಲ್ಲಿ ಕೂಡಾವಳಿ, ಬಿಡುಗಡೆ, ಪಾಲುಪಾರೀಕತ್ತುಗಳು ಹೇಗೆ ತೀರ್ಮಾನವಾಗುತ್ತಿದ್ದವು ಎಂಬುದು ತಾಳೆಗರಿಯಲ್ಲಿಲ್ಲ. ಅದನ್ನು ಊರೂರಿಗೆ ಹೋಗಿ ಕೇಳಬೇಕಿತ್ತು. ಆ ಕೆಲಸ ಈಗಲಾದರೂ ಆಗಬೇಕು. ಮೈಸೂರಿನ ಕಾನೂನು ಕಾಲೇಜುಗಳು 1933ರ ಕಾಯಿದೆಯನ್ನು ಅದರ ಹಿಂದಿನ ವಾಗ್ವಾದಗಳೊಡನೆ ಕನ್ನಡದಲ್ಲಿ ಪಾಠಕ್ಕೆ ತರಲಿ, ವಿದ್ಯಾರ್ಥಿಗಳನ್ನು ಹಳ್ಳಿಗಳ ಕಟ್ಟಳೆಗಳ ದಾಖಲಾತಿಗೆ ಕಳುಹಿಸಲಿ. ಪಂಡಿತರು ಅರ್ಧ ಮಾಡಿಟ್ಟ ಕೆಲಸವನ್ನು ಪೂರ್ತಿಗೊಳಿಸುವುದೇ ಅವರಿಗೆ ಸಲ್ಲಬೇಕಾದ ಗೌರವ.