ದಾರಿ ತಪ್ಪಿಸದ ಚಕ್ರವ್ಯೂಹ

ಚಕ್ರವ್ಯೂಹ ಎಂದೊಡನೆ ನಮಗೆ ನೆನಪಾಗುವವನು ಒಳಹೊಕ್ಕು ಹೊರಬರಲಾಗದ ಅಭಿಮನ್ಯು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಯಲ್ಲೂ ಆ ಕತೆಯಿದೆ, ಸುತ್ತಿ ಸುತ್ತಿ ಒಳಗೆಳೆಯುವ ಗೆರೆಗಳಲ್ಲಿ. ಅದಕ್ಕೆ ಹತ್ತಿರದ ಆಕೃತಿಯೊಂದು ಫ್ರಾನ್ಸಿನ ಶಾರ್ತ್ರ್ ಕೆಥೆಡ್ರಲ್‌ನ ನೆಲದ ಮೇಲಿದೆ. ಅಲ್ಲಿ ಜನ ಅದರ ಮೇಲೆ ನಡೆಯುತ್ತಾ ಧ್ಯಾನ ಮಾಡುತ್ತಾರೆ.

13ನೇ ಶತಮಾನದ ಆರಂಭದ ಈ ಕಲ್ಲಿನ ವೃತ್ತದ ಅಡ್ಡಳತೆ 13 ಮೀಟರಿಗೂ ತುಸು ಕಡಿಮೆ. ಅಷ್ಟರೊಳಗೆ 11 ಸುತ್ತುಗಳಾಗಿ ಮಡಚಿಕೊಂಡಿರುವ ದಾರಿಯ ಉದ್ದ ಮಾತ್ರ ಸುಮಾರು 260 ಮೀಟರು. ಕವಲುಗಳಿಲ್ಲ, ಎಲ್ಲೂ ದಾರಿ ಕಟ್ಟುವುದಿಲ್ಲ. ಯಾವ ಕಡೆ ತಿರುಗಲಿ ಎಂದು ಯೋಚಿಸಬೇಕಾದ ಜಾಗ ಒಂದೂ ಇಲ್ಲದ್ದರಿಂದ ತಲೆಗೆ ಕೆಲಸ ತಪ್ಪುತ್ತದೆ, ಕಾಲು ತನ್ನ ಲಯ ಹಿಡಿಯುತ್ತದೆ. ಕಣ್ಣು ಮುಚ್ಚಿ ಕೂತರೆ ಚಡಪಡಿಸುವವರಿಗೆ ಇದಕ್ಕಿಂತ ಒಳ್ಳೆಯ ಧ್ಯಾನ ನನಗೆ ತಿಳಿದಿಲ್ಲ.

ಆದರೆ ಇದರ ನಿಜವಾದ ಜಾಣ್ಮೆ ಇರುವುದು ಸುತ್ತುಗಳ ಕ್ರಮದಲ್ಲಿ. ಒಳಗೆ ಕಾಲಿಟ್ಟ ಸ್ವಲ್ಪ ಹೊತ್ತಿಗೇ ದಾರಿ ನಿಮ್ಮನ್ನು ನಡುವಿನ ಪಕ್ಕಕ್ಕೇ ತಂದುಬಿಡುತ್ತದೆ. ಕೈಚಾಚಿದರೆ ಸಿಕ್ಕೀತು ಅನ್ನಿಸುವಷ್ಟು ಹತ್ತಿರ. ಆಮೇಲೆ ಮೆಲ್ಲಗೆ ದೂರ ತಳ್ಳುತ್ತದೆ. ಕೊನೆಗೆ ಎಲ್ಲಕ್ಕಿಂತ ಹೊರಗಿನ ಅಂಚಿನಲ್ಲಿ, ಇನ್ನೆಷ್ಟು ದೂರವೋ ಎಂದುಕೊಳ್ಳುವಾಗಲೇ, ಕೆಲವೇ ತಿರುವುಗಳಲ್ಲಿ ಆರು ದಳದ ಹೂವಿನಂಥ ನಡುಭಾಗಕ್ಕೆ ಸೇರಿಸುತ್ತದೆ. ಹತ್ತಿರ, ದೂರ ಎಂಬ ಲೆಕ್ಕಾಚಾರವನ್ನೇ ಅದು ಕೈಬಿಡಿಸುತ್ತದೆ. ನಮ್ಮ ಪ್ರದಕ್ಷಿಣೆಯಲ್ಲಿ ನಡುವಿನಿಂದ ಅಂತರ ಹೆಚ್ಚುಕಡಿಮೆ ಬದಲಾಗದು. ಇಲ್ಲಿ ಅದು ಬದಲಾಗುವುದೇ ಸಾಧನೆ.

1990ರ ದಶಕದಲ್ಲಿ ಈ ನಡಿಗೆಯನ್ನು ಮತ್ತೆ ಬಳಕೆಗೆ ತಂದವರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಗ್ರೇಸ್ ಕೆಥೆಡ್ರಲ್‌ನ ಪಾದ್ರಿ ಲಾರೆನ್ ಆರ್ಟ್ರೆಸ್ ಮುಖ್ಯರು. ಶಾರ್ತ್ರ್‌ನ ವಿನ್ಯಾಸವನ್ನು ಕ್ಯಾನ್ವಾಸಿನ ಮೇಲೆ ಬಿಡಿಸಿ ಹಾಸಿದರು.

ನನ್ನ ತಕರಾರು ಒಂದೇ: ನಡು ಮುಟ್ಟಿದವರು ಗೆರೆಗಳನ್ನು ದಾಟಿ ನೇರ ಹೊರಟುಬಿಡುತ್ತಾರೆ. ಹಾಗೆ ಮಾಡಬೇಡಿ. ಬಂದ ದಾರಿಯಲ್ಲೇ, ಅದೇ ನಿಧಾನದಲ್ಲಿ ಹಿಂದಿರುಗಿ. ಎದುರಾದವರಿಗೆ ಒಂದು ಹೆಜ್ಜೆ ಸರಿದು ಜಾಗ ಕೊಡಿ. ಒಳಗೆ ಹೋಗುವಾಗ ಇರುವ ತಲುಪುವ ಆಸೆ ಮರಳುವಾಗ ಇರುವುದಿಲ್ಲ. ಮನಸ್ಸು ತಿಳಿಯಾಗುವುದು ಆಗಲೇ.

ಫ್ರಾನ್ಸಿಗೆ ಹೋಗಲೇಬೇಕೆಂದಿಲ್ಲ. ಏಳು ಸುತ್ತಿನ ಹಳೆಯ ಮಾದರಿಯನ್ನು ಒಂದು ಕೂಡು ಗುರುತು, ನಾಲ್ಕು ಮೂಲೆಗೆರೆ, ನಾಲ್ಕು ಚುಕ್ಕಿಗಳಿಂದ ಶುರುಮಾಡಿ ರಂಗೋಲಿ ಪುಡಿಯಲ್ಲೇ ಬಿಡಿಸಬಹುದು. ದಾರಿ ಒಂದೂವರೆ ಅಡಿ ಇರಲಿ. 25 ಅಡಿ ಅಗಲದ ಅಂಗಳ ಸಾಕು. ಶಾರ್ತ್ರ್‌ಗೇ ಹೋಗುವವರು ವಾರ ನೋಡಿಕೊಂಡು ಹೊರಡಿ: ವಸಂತದಿಂದ ಶರತ್ಕಾಲದವರೆಗೆ ಸಾಮಾನ್ಯವಾಗಿ ಶುಕ್ರವಾರ ಮಾತ್ರ ಅದರ ಮೇಲೆ ಹಾಕಿರುವ ಕುರ್ಚಿಗಳನ್ನು ತೆಗೆದು ದಾರಿ ಬಿಡುತ್ತಾರೆ.